ಮಹಿಳಾ ದಿನಕ್ಕೆ ಈ ಸಲ ರಂಗೋಲಿ ಸ್ಪರ್ಧೆ ಬೇಡ ಅಂದುಬಿಟ್ಟೆ, ಈಗ ಏನು ಮಾಡಲಿ?

ಸೀಮೆಸುಣ್ಣ
ಫೆಬ್ರವರಿ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ಊರು, ಹೆಸರು ಬೇಡ. ಮೈಸೂರು ಸೀಮೆ ಅಂದುಕೊಳ್ಳಿ, ಸಾಕು.

ಮಹಿಳಾ ದಿನದ ಸಮಿತಿಗೆ ನನ್ನ ಹೆಸರು ಹಾಕಿದ್ದಾರೆ. ಅತಿಥಿ ಉಪನ್ಯಾಸಕರು ಯಾವ ಸಮಿತಿಗೂ ಇಲ್ಲ ಅನ್ನುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಈ ಸಲ ಮಾರ್ಚ್ 8 ಭಾನುವಾರ ಬಂದಿದೆ. ಹಾಗಾಗಿ ಸೋಮವಾರ, 9ನೇ ತಾರೀಕು ಕಾರ್ಯಕ್ರಮ.

ಹೋದ ವರ್ಷದ ಕಥೆ ಮೊದಲು ಹೇಳಿಬಿಡುತ್ತೇನೆ. ಕಾರ್ಡಿನಲ್ಲಿ ಬೆಳಿಗ್ಗೆ 10 ಗಂಟೆ ಅಂತ ಇತ್ತು. ಅತಿಥಿಗಳು ಬಂದಿದ್ದು 11:50ಕ್ಕೆ. ಅಲ್ಲಿಯವರೆಗೆ ರೇಷ್ಮೆ ಸೀರೆ ಉಟ್ಟ ಹನ್ನೊಂದು ಹುಡುಗಿಯರು ಪೂರ್ಣಕುಂಭ, ಆರತಿ ತಟ್ಟೆ ಹಿಡಿದು ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿದ್ದರು. ಒಬ್ಬಳಿಗೆ ತಲೆ ಸುತ್ತು ಬಂತು. ವೇದಿಕೆ ಮೇಲೆ ಒಂಬತ್ತು ಕುರ್ಚಿ, ಏಳರಲ್ಲಿ ಗಂಡಸರು. 'ಹೆಣ್ಣು ಸಂಸಾರದ ಕಣ್ಣು' ಅನ್ನುವ ಮಾತು ನಾಲ್ಕು ಸಲ ಬಂತು, ಕೂತು ಎಣಿಸಿದ್ದೇನೆ. ಆಮೇಲೆ ರಂಗೋಲಿ ಸ್ಪರ್ಧೆ, ಬೆಂಕಿಯಿಲ್ಲದ ಅಡುಗೆ ಸ್ಪರ್ಧೆ, ಎಲ್ಲರ ಕೈಗೂ ಒಂದೊಂದು ಗುಲಾಬಿ.

ಇಷ್ಟೆಲ್ಲ ನಡೆಯುವಾಗ ಹಾಸ್ಟೆಲ್ ಮೆಸ್ಸಿನ ಆರು ಜನ ಹೆಂಗಸರು ಸಭಾಂಗಣದ ಹಿಂದೆ 400 ಜನಕ್ಕೆ ಕೇಸರಿಬಾತು ಮಾಡುತ್ತಿದ್ದರು. ತಟ್ಟೆ ತರಲು ಹೋದಾಗ ಅವರಲ್ಲಿ ಒಬ್ಬರು, "ಏನ್ ಮೇಡಂ ಇವತ್ತು? ಯಾರದಾದ್ರೂ ಹುಟ್ಟಿದ ಹಬ್ಬಾನಾ?" ಅಂತ ಕೇಳಿದರು. ಆ ಪ್ರಶ್ನೆ ವರ್ಷ ಪೂರ್ತಿ ನನ್ನ ತಲೆ ತಿಂದಿದೆ.

ಅದಕ್ಕೇ ಈ ಸಲ ಸಭೆಯಲ್ಲಿ, ರಂಗೋಲಿ ಬೇಡ, ಅಡುಗೆ ಬೇಡ, ಹಾಡು, ಸಾಹಿತ್ಯ, ಮಾತು ಇಟ್ಟುಕೊಳ್ಳೋಣ ಅಂದುಬಿಟ್ಟೆ. "ಸರಿ, ನೀವೇ ಮಾಡಿ" ಅಂದರು. 30,000 ರೂಪಾಯಿ, ಅರ್ಧ ದಿನ, 350 ಜನ ಕೂರುವ ಸಭಾಂಗಣ. ಏನು ಮಾಡಲಿ ಹೇಳಿ.

ಲೆಕ್ಕ_ಪಕ್ಕಾ
ಫೆಬ್ರವರಿ 11, ರಾತ್ರಿ 10:15

ಮೇಡಂ, ನಾನು ಬೇರೊಂದು ವಿವಿಯ ಹಣಕಾಸು ವಿಭಾಗದಲ್ಲಿ 22 ವರ್ಷದಿಂದ ಇಂಥ ಬಿಲ್ಲುಗಳನ್ನೇ ನೋಡುತ್ತಿದ್ದೇನೆ. ಕಾರ್ಯಕ್ರಮ ಹೇಗಿತ್ತು ಅಂತ ಬಿಲ್ಲು ನೋಡಿದರೆ ಗೊತ್ತಾಗುತ್ತದೆ.

ಒಂಬತ್ತು ಕುರ್ಚಿ ಅಂದರೆ ಒಂಬತ್ತು ಶಾಲು, ಒಂಬತ್ತು ಹಾರ, ಒಂಬತ್ತು ಹಣ್ಣಿನ ಬುಟ್ಟಿ, ಒಂಬತ್ತು ಮೊಮೆಂಟೊ. ತಲೆಗೆ 1,200 ಹಿಡಿದರೂ 10,800. ಎರಡು ಫ್ಲೆಕ್ಸಿಗೆ 3,000. ಗುಲಾಬಿಗೆ 4,000. ಅಲ್ಲಿಗೆ 17,800 ಹೋಯಿತು. ಉಳಿದ 12,200ರಲ್ಲಿ ತಿಂಡಿ, ಕಾಫಿ, ಕಾರು. ಹಾಡುವವರಿಗೆ ಏನು ಕೊಡುತ್ತೀರಿ? ಚಪ್ಪಾಳೆನಾ?

ಕುರ್ಚಿ ಮೂರಕ್ಕೆ ಇಳಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಇನ್ನೊಂದು ಮಾತು. ಕಲಾವಿದರ ಸಂಭಾವನೆಯನ್ನು ಈಗಲೇ ಟಿಪ್ಪಣಿಯಲ್ಲಿ ಬರೆದು, ಹೆಸರು ಸಮೇತ ಮಂಜೂರಾತಿ ತೆಗೆದುಕೊಳ್ಳಿ. ಕಾರ್ಯಕ್ರಮ ಆದಮೇಲೆ ಸೇರಿಸಿದರೆ ಆಕ್ಷೇಪಣೆ ಹಾಕುವವನು ನನ್ನಂಥವನೇ ಇರುತ್ತಾನೆ.

ತಂಬೂರಿ_ತಂತಿ
ಫೆಬ್ರವರಿ 12, ಬೆಳಿಗ್ಗೆ 6:05

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಮಕ್ಕಳಿಗೆ ಹಿಂದೂಸ್ತಾನಿ ಹೇಳಿಕೊಡುವ ಕೆಲಸ.

ಸಂಗೀತ ಇಡುತ್ತೀರಿ ಅಂದರೆ ಸಂತೋಷ. ಆದರೆ 'ಪ್ರಾರ್ಥನೆ ಗೀತೆ' ಅಂತ ಮೂರು ನಿಮಿಷ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅತಿಥಿಗಳು ಬರುವವರೆಗೆ ಜನ ಎದ್ದು ಹೋಗದಂತೆ ಹಾಡಿಸುವುದು, ಅವರು ಬಂದ ತಕ್ಷಣ ಅರ್ಧಕ್ಕೆ ನಿಲ್ಲಿಸಿ ಅನ್ನುವುದು. ಇದು ನನಗೇ ಮೂರು ಸಲ ಆಗಿದೆ. ಒಂದು ಸಲ ತಾರಸಪ್ತಕದ ಷಡ್ಜದಲ್ಲಿ ನಿಂತಿದ್ದೆ, ಯಾರೋ ಬಂದು ಮೈಕ್ ಎತ್ತಿಕೊಂಡು ಹೋದರು.

ಗಂಗೂಬಾಯಿ ಹಾನಗಲ್ ಅವರ ಬಗ್ಗೆ ಹೇಳದೆ ನಮ್ಮ ಕಡೆ ಇಂಥ ಮಾತು ಮುಗಿಯುವುದಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು. ಹನ್ನೊಂದು ವರ್ಷದ ಗಂಗೂಬಾಯಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಒಬ್ಬರು. ಆ ದಿನದ ಬಗ್ಗೆ ಮುಂದೆ ಅವರು ನೆನೆದದ್ದು ಏನು ಗೊತ್ತಾ? ಊಟ ಆದಮೇಲೆ, ಕೆಳಜಾತಿಯ ಹುಡುಗಿಯರು ಅಂತ, ಆ ಜಾಗ ಬಳಿಯಲು ನಮಗೇ ಹೇಳಿಬಿಡುತ್ತಾರೇನೋ ಅನ್ನುವ ಭಯ. ಹಾಡಿನ ಚಿಂತೆ ಅಲ್ಲ, ಎಂಜಲಿನ ಚಿಂತೆ. ನಿಮ್ಮ ಕೇಸರಿಬಾತಿನ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಅದು.

ಆಮೇಲೆ ಅದೇ ಹುಡುಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಹತ್ತಿರ ಕಲಿತರು. 2002ರಲ್ಲಿ ಪದ್ಮವಿಭೂಷಣ. ಈಗ ನಿಮ್ಮ ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೇ ಅವರ ಹೆಸರಿದೆ. ಮುಸ್ಲಿಂ ಗಾಯಕ ಉಸ್ತಾದ್ ಆಗುತ್ತಾನೆ, ಹಿಂದೂ ಗಾಯಕ ಪಂಡಿತ ಆಗುತ್ತಾನೆ, ಕೇಸರಬಾಯಿ, ಮೋಗುಬಾಯಿ ಅಂಥವರು ಮಾತ್ರ ಬಾಯಿಯಾಗೇ ಉಳಿಯುತ್ತಾರೆ ಅಂತ ಅವರು ಹೇಳಿದ್ದರು. ಒಂದು ಗಂಟೆ ಭಾಷಣದ ಬದಲು ಈ ಮಾತು ಹೇಳಿ, ಅವರ ಧ್ವನಿಮುದ್ರಿಕೆ ಹತ್ತು ನಿಮಿಷ ಕೇಳಿಸಿ. ಆ ಗಂಭೀರ ದನಿ ಕೇಳಿ ಹುಡುಗಿಯರು, ಇದು ಹೆಂಗಸಿನ ದನಿನಾ ಅಂತ ಬೆಚ್ಚುತ್ತಾರೆ. ಬೆಚ್ಚಲಿ.

ಹಿಂದಿನ_ಬೆಂಚು
ಫೆಬ್ರವರಿ 12, ಬೆಳಿಗ್ಗೆ 11:30

ಯಾರೂ ಕೇಳುವುದಿಲ್ಲ, ನಾನು ಕೇಳುತ್ತೇನೆ. ಪುರುಷರ ದಿನ ಯಾಕೆ ಯಾವ ವಿವಿಯೂ ಮಾಡುವುದಿಲ್ಲ? ನವೆಂಬರ್ 19 ಬಂದು ಹೋಗುತ್ತದೆ, ನಮಗೆ ಒಂದು ಗುಲಾಬಿ ಬೇಡ, ಒಂದು ಟೀ ಕೂಡ ಇಲ್ಲ.

ಬಿಸಿಲನಾಡು
ಫೆಬ್ರವರಿ 12, ಮಧ್ಯಾಹ್ನ 1:10

@ಹಿಂದಿನ_ಬೆಂಚು, ಅಣ್ಣಾ, ಮಾಡಿ. ಬೇಡ ಅಂದವರು ಯಾರು? ಮಹಿಳಾ ದಿನವನ್ನೂ ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಮಾಜವಾದಿ ಹೆಂಗಸರ ಸಮ್ಮೇಳನದಲ್ಲಿ ಕ್ಲಾರಾ ಜೆಟ್ಕಿನ್ ಇಂಥದೊಂದು ದಿನ ಬೇಕು ಅಂದರು. ಮುಂದಿನ ವರ್ಷ ಆಸ್ಟ್ರಿಯಾ, ಜರ್ಮನಿ, ಡೆನ್ಮಾರ್ಕ್, ಸ್ವಿಟ್ಜರ್‌ಲೆಂಡ್‌ಗಳಲ್ಲಿ ನಡೆಯಿತು. ಆದರೆ ಆಗ ತಾರೀಕು ಮಾರ್ಚ್ 19. 8 ಬಂದದ್ದು 1917ರ ರಷ್ಯಾದಿಂದ. ಪೆಟ್ರೊಗ್ರಾಡಿನ ಬಟ್ಟೆ ಗಿರಣಿಯ ಹೆಂಗಸರು ಬ್ರೆಡ್ ಕೇಳಿ ಕೆಲಸ ಬಿಟ್ಟು ಬೀದಿಗೆ ಬಂದರು. ಅವರ ಹಳೆಯ ಕ್ಯಾಲೆಂಡರಿನಲ್ಲಿ ಅದು ಫೆಬ್ರವರಿ 23, ನಮ್ಮ ಕ್ಯಾಲೆಂಡರಿನಲ್ಲಿ ಮಾರ್ಚ್ 8. ಒಂದು ವಾರದಲ್ಲಿ ಝಾರ್ ಸಿಂಹಾಸನ ಬಿಟ್ಟ. ವಿಶ್ವಸಂಸ್ಥೆ ಈ ದಿನವನ್ನು ಕೈಗೆತ್ತಿಕೊಂಡದ್ದು 1975ರಲ್ಲಿ, ಎಷ್ಟೋ ತಡವಾಗಿ.

ಮೂಲದಲ್ಲಿ ಇದು ಹೆಂಗಸರು ಕೆಲಸ ನಿಲ್ಲಿಸಿದ ದಿನ. ನಾವು ಆ ದಿನವೇ ಅವರಿಗೆ 400 ಜನದ ಕೇಸರಿಬಾತು ಮಾಡಿ ಅನ್ನುತ್ತೇವೆ.

@ಸೀಮೆಸುಣ್ಣ ಅಕ್ಕಾ, ನಾನು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಿದವಳು. 2003ರಲ್ಲಿ ಶುರುವಾದಾಗ ಅದು ರಾಜ್ಯದ ಮೊದಲ ಮಹಿಳಾ ವಿವಿ. ಅಕ್ಕನ ಹೆಸರು ಬಂದದ್ದು ಆಮೇಲೆ. ನಮ್ಮ ಜಿಲ್ಲೆಯ ಹಲಸಂಗಿಯಲ್ಲೇ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಬೀಸುವ, ಕುಟ್ಟುವ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದದ್ದು. ಗೆಳೆಯರ ಹೆಸರು ಪರೀಕ್ಷೆಗೆ ಓದಿ ಬಾಯಿಪಾಠ ಮಾಡಿದ್ದೇವೆ. ಬೆಳಗಿನ ಜಾವ ಕಲ್ಲಿನ ಮುಂದೆ ಕೂತು ಹಾಡಿದ ಗರತಿಯರಲ್ಲಿ ಒಬ್ಬರ ಹೆಸರು ಹೇಳಿ ಅಂದರೆ ನನಗೂ ಗೊತ್ತಿಲ್ಲ, ನಮ್ಮ ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ. ನಿಮ್ಮ ಮೆಸ್ಸಿನಲ್ಲಿ ಆರು ಜನ ಇದ್ದಾರಲ್ಲ, ಅವರಲ್ಲಿ ಯಾರಿಗೆ ಹಾಡು ಬರುತ್ತದೆ ಅಂತ ಕೇಳಿದ್ದೀರಾ?

ಹಿಂದಿನ_ಬೆಂಚು
ಫೆಬ್ರವರಿ 12, ಮಧ್ಯಾಹ್ನ 2:02

ಝಾರ್ ಕಥೆ ಗೊತ್ತಿರಲಿಲ್ಲ. ಟೀ ಬೇಡಿಕೆ ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ರಸಬಾಳೆ
ಫೆಬ್ರವರಿ 12, ಸಂಜೆ 7:20

ಮೈಸೂರು ಸೀಮೆ ಅಂದಿರಿ, ಹಾಗಾದರೆ ನಮ್ಮ ನಂಜನಗೂಡನ್ನು ಬಿಡಬೇಡಿ. ನಂಜನಗೂಡು ಅಂದರೆ ಜನಕ್ಕೆ ಹಲ್ಲುಪುಡಿ ಗೊತ್ತು, ರಸಬಾಳೆ ಗೊತ್ತು. ಈ ಇಬ್ಬರು ಹೆಂಗಸರು ಗೊತ್ತಿಲ್ಲ.

ಒಬ್ಬರು ನಂಜನಗೂಡು ತಿರುಮಲಾಂಬ, 1887ರಲ್ಲಿ ಹುಟ್ಟಿದವರು. ಬಾಲವಿಧವೆ. ಮನೆಯಲ್ಲೇ ಓದಿಕೊಂಡು ಕಾದಂಬರಿ, ನಾಟಕ ಬರೆದರು. ಬರೆದು ಸುಮ್ಮನಿರಲಿಲ್ಲ, 'ಸತೀ ಹಿತೈಷಿಣಿ' ಅಂತ ಗ್ರಂಥಮಾಲೆ ಮಾಡಿ ತಾವೇ ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. ಸುಮಾರು ನೂರು ವರ್ಷದ ಹಿಂದೆ, ನಂಜನಗೂಡಿನಲ್ಲಿ ಕೂತು!

ಇನ್ನೊಬ್ಬರು ಬೆಂಗಳೂರು ನಾಗರತ್ನಮ್ಮ, 1878. ಹೆಸರಲ್ಲಿ ಬೆಂಗಳೂರು ಇದ್ದರೂ ಹುಟ್ಟಿದ್ದು ನಂಜನಗೂಡಿನಲ್ಲಿ. ದೇವದಾಸಿ ಮನೆತನ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳು ಬಿದ್ದಿತ್ತು. ತಾವು ಹಾಡಿ ದುಡಿದ ಹಣ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ! ಗುಡಿ ಕಟ್ಟಿಸಿದವಳೇ ಹಾಡುವ ಹಾಗಿಲ್ಲ ಅಂದರೆ ಏನು ಮಾಡುವುದು? ಅದೇ ಜಾಗದಲ್ಲಿ ಹೆಂಗಸರದೇ ಬೇರೆ ಆರಾಧನೆ ಶುರು ಮಾಡಿದರು. ಕೊನೆಗೆ ಗಂಡಸರೇ ಜೊತೆಗೆ ಬರಬೇಕಾಯಿತು. ಇವತ್ತು ಟಿವಿಯಲ್ಲಿ ಪಂಚರತ್ನ ಕೀರ್ತನೆ ಗೋಷ್ಠಿ ತೋರಿಸುವಾಗ ಎಷ್ಟು ಹೆಂಗಸರು ಕೂತಿರುತ್ತಾರೆ ನೋಡಿ.

ಒಬ್ಬರದು ಸಾಹಿತ್ಯ, ಒಬ್ಬರದು ಸಂಗೀತ, ಒಂದೇ ಊರು. ಇಬ್ಬರನ್ನೂ ಸೇರಿಸಿ ಅರ್ಧ ಗಂಟೆ ಮಾಡಿದರೆ ಸಾಕಲ್ವಾ? ನಡುವೆ ನಡುವೆ ಹಾಡು.

ಹಾಸ್ಟೆಲ್_ಕಿಟಕಿ
ಫೆಬ್ರವರಿ 13, ರಾತ್ರಿ 12:25

ನಾನು ಎಂಎಸ್ಸಿ ಮೊದಲ ವರ್ಷ, ಇನ್ನೊಂದು ಊರು. ಕೇಳುಗರ ಕಡೆಯಿಂದ ಹೇಳುತ್ತೇನೆ, ಬೈಯಬೇಡಿ.

ನಮ್ಮನ್ನು ಹಾಜರಾತಿ ಕೊಡುತ್ತೇವೆ ಅಂತ ಹೇಳಿ ಕೂರಿಸುತ್ತಾರೆ. ಬಂದವರು ನಾವು ಹೇಗೆ ಬಟ್ಟೆ ಹಾಕಬೇಕು, ಮೊಬೈಲ್ ಎಷ್ಟು ನೋಡಬೇಕು, ಅತ್ತೆ ಮನೆಯಲ್ಲಿ ಹೇಗೆ ಹೊಂದಿಕೊಳ್ಳಬೇಕು ಅಂತ ಹೇಳಿ ಹೋಗುತ್ತಾರೆ. ನಮಗೆ ಬೇಕಾದದ್ದು ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಲೈಬ್ರರಿ ರಾತ್ರಿ 9ರವರೆಗೆ ತೆರೆದಿರುತ್ತದೆ. ಹುಡುಗಿಯರ ಹಾಸ್ಟೆಲ್ ಬಾಗಿಲು ಹಾಕುವುದು 6:30ಕ್ಕೆ. ಲೆಕ್ಕ ನೀವೇ ಮಾಡಿ. ಹೋದ ಸಲ ಸಂಜೆ ಸಂಗೀತ ಸಭೆ ಇಟ್ಟಿದ್ದರು, ಮಹಿಳಾ ದಿನಕ್ಕೇ. 6 ಗಂಟೆಗೆ ಆಲಾಪ ಶುರುವಾಯಿತು. 6:20ಕ್ಕೆ ನಾವು ಅರವತ್ತು ಜನ ಸಾಲಾಗಿ ಎದ್ದು ಹೋದೆವು. ಹಾಡುತ್ತಿದ್ದವರ ಮುಖ ಇನ್ನೂ ಕಣ್ಣ ಮುಂದಿದೆ. ನಮಗೆ ಹಾಡು ಹಿಡಿಸಲಿಲ್ಲ ಅಂದುಕೊಂಡಿರಬೇಕು ಪಾಪ.

ಇನ್ನೊಂದು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆಯಲ್ಲ, ಅದರ ಬಗ್ಗೆ ಹತ್ತು ನಿಮಿಷ ಯಾರಾದರೂ ನೆಟ್ಟಗೆ ಹೇಳಲಿ. 2013ರ ಕಾನೂನು, 2015ರ ಯುಜಿಸಿ ನಿಯಮ ಎಲ್ಲ ಇದೆ. ವಿದ್ಯಾರ್ಥಿಗಳ ವಿಷಯ ಬಂದಾಗ ಸಮಿತಿಯಲ್ಲಿ ಆಯ್ಕೆಯಾದ ಮೂವರು ವಿದ್ಯಾರ್ಥಿಗಳು ಇರಬೇಕು ಅಂತ ಆ ನಿಯಮದಲ್ಲೇ ಇದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು ಅಂತಲೂ ಇದೆ. ನನ್ನ ಕ್ಲಾಸಿನಲ್ಲಿ ನಲವತ್ತು ಹುಡುಗಿಯರಿದ್ದಾರೆ. ದೂರು ಯಾರ ಕೈಗೆ ಕೊಡಬೇಕು ಅಂತ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಅಜ್ಜನ_ಕನ್ನಡಕ
ಫೆಬ್ರವರಿ 13, ಬೆಳಿಗ್ಗೆ 8:00

ನಿವೃತ್ತ ಕನ್ನಡ ಮೇಷ್ಟ್ರು ನಾನು. ಸಾಹಿತ್ಯದ ಭಾಗಕ್ಕೆ ಒಂದೆರಡು ಮಾತು.

ಅಕ್ಕಮಹಾದೇವಿಯ 'ಬೆಟ್ಟದ ಮೇಲೊಂದು ಮನೆಯ ಮಾಡಿ' ಪ್ರತಿ ವರ್ಷ ಎಲ್ಲ ಕಡೆ ಹಾಡಿಸುತ್ತಾರೆ. ವಚನ ದೊಡ್ಡದೇ. ಆದರೆ ಕೇಳಿ ಕೇಳಿ ಅದು ಲಿಫ್ಟಿನಲ್ಲಿ ಹಾಕುವ ಸಂಗೀತದ ಹಾಗೆ ಆಗಿಬಿಟ್ಟಿದೆ. ಹನ್ನೆರಡನೇ ಶತಮಾನದಲ್ಲಿ ಅಕ್ಕ ಒಬ್ಬಳೇ ಬರೆದಳಾ? ಸೂಳೆ ಸಂಕವ್ವೆಯದು ಉಳಿದಿರುವುದು ಒಂದೇ ಒಂದು ವಚನ. 'ಒತ್ತೆಯ ಹಿಡಿದು ಮತ್ತೊತ್ತೆಯ ಹಿಡಿಯೆ' ಅಂತ ಶುರು. ಅವಳ ಅಂಕಿತ ನಿರ್ಲಜ್ಜೇಶ್ವರ. ಅವಳ ಹೆಸರು ಓದಲು ನಮ್ಮ ಮೇಷ್ಟ್ರುಗಳಿಗೇ ನಾಚಿಕೆ, ಅವಳ ದೇವರಿಗೆ ಇರಲಿಲ್ಲ. ಆಯ್ದಕ್ಕಿ ಲಕ್ಕಮ್ಮ ನೋಡಿ. ಗಂಡ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆರಿಸಿ ತಂದಾಗ, 'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ' ಅಂತ ವಾಪಸ್ ಕಳಿಸಿದವಳು. ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು. ಲಂಚ ವಂಚನೆಗೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಅಂದವಳು. ಈ ಮೂವರನ್ನು ಮೂರು ಹುಡುಗಿಯರು ಓದಲಿ. ರಾಗ ಬೇಡ, ಸುಮ್ನೆ ಓದಲಿ.

ಸಂಚಿಯ ಹೊನ್ನಮ್ಮನನ್ನೂ ಮರೆಯಬೇಡಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಕೆಲಸ ಅವಳದು. ಅವಳ 'ಹದಿಬದೆಯ ಧರ್ಮ' ಪತಿವ್ರತೆ ಹೇಗಿರಬೇಕು ಅಂತ ಹೇಳುವ ಪುಸ್ತಕ. ಅದರ ಮಧ್ಯೆ ಇದ್ದಕ್ಕಿದ್ದಂತೆ ಈ ಸಿಟ್ಟು:

ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ
ಪೆಣ್ಣಲ್ಲವೆ ಪೊರೆದವಳು

'ಕಣ್ಣು ಕಾಣದ ಗಾವಿಲರು' ಅಂತ ಮುಂದೆ ಬೈದೇ ಬಿಡುತ್ತಾಳೆ. ಒಪ್ಪಿಸಿದ ಕೆಲಸ ಮಾಡುತ್ತಲೇ ಮಧ್ಯೆ ತನ್ನ ಮಾತು ತೂರಿಸಿದ್ದಾಳೆ. ಅತಿಥಿ ಉಪನ್ಯಾಸಕಿಗೆ ಇದು ಅರ್ಥವಾಗುತ್ತದೆ ಅಂದುಕೊಳ್ಳುತ್ತೇನೆ.

@ಬಿಸಿಲನಾಡು, ನಿಮ್ಮ ಸಲಹೆಗೆ ಮಾತ್ರ ನನ್ನ ತಕರಾರಿದೆ. ಅಡುಗೆ ಕೆಲಸದ ಹೆಂಗಸನ್ನು ಒಂದು ದಿನ ವೇದಿಕೆ ಹತ್ತಿಸಿ, ಫೋಟೊ ತೆಗೆದು, ಮರುದಿನ ಮತ್ತೆ ಪಾತ್ರೆ ಮುಂದೆ ಕೂರಿಸುವುದು ಅವಳಿಗೆ ಮಾಡುವ ಗೌರವವಾ? ಅಥವಾ ನಮ್ಮ ಸಮಾಧಾನವಾ?

ಬಿಸಿಲನಾಡು
ಫೆಬ್ರವರಿ 13, ಬೆಳಿಗ್ಗೆ 9:45

ಸರ್, ನಿಮ್ಮ ಭಯ ಸರಿಯಾಗಿದೆ. ಆದರೆ ಆ ಭಯಕ್ಕೆ ಕರೆಯದೇ ಇರುವುದು ಉತ್ತರ ಅಲ್ಲ.

ಬುರ್ರಕಥಾ ಈರಮ್ಮ ಓದು ಬರಹ ಕಲಿತವರಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅವರ ಬಾಯಲ್ಲಿದ್ದ ಕಾವ್ಯ ಪುಸ್ತಕವಾಯಿತು. ಅಂಕೋಲಾದ ಹಾಲಕ್ಕಿ ಸುಕ್ರಿ ಬೊಮ್ಮಗೌಡ ಹಾಡಿಗೂ ಸೈ, ಹೆಂಡದ ವಿರುದ್ಧ ಹೋರಾಟಕ್ಕೂ ಸೈ. 2017ರಲ್ಲಿ ಪದ್ಮಶ್ರೀ ಬಂತು, ಹೋದ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಇವರನ್ನೆಲ್ಲ ಯಾರೋ ಒಬ್ಬರು ಮೊದಲ ಸಲ ಬನ್ನಿ ಅಂತ ಕರೆದಿರಲೇಬೇಕು ತಾನೆ?

ನಾನು ಕೇಳುವುದು ಇಷ್ಟು. ಮೊದಲು ಅವರಿಗೇ ಇಷ್ಟ ಇದೆಯಾ ಅಂತ ಕೇಳಿ. ಹೊರಗಿನ ಗಾಯಕಿಗೆ ಕೊಡುವಷ್ಟೇ ದುಡ್ಡು ಕೊಡಿ. ಆ ದಿನದ ಕೂಲಿ ಕಡಿತ ಆಗಬಾರದು. ಕಾರ್ಡಿನಲ್ಲಿ ಹೆಸರು ಹಾಕಿ, 'ಮತ್ತು ಸಂಗಡಿಗರು' ಅಂತ ಮುಗಿಸಬೇಡಿ.

ತಂಬೂರಿ_ತಂತಿ
ಫೆಬ್ರವರಿ 13, ಬೆಳಿಗ್ಗೆ 10:30

ಹಾಡಿಸುವುದಾದರೆ ದಯವಿಟ್ಟು ಹಾರ್ಮೋನಿಯಂ ಹೇರಬೇಡಿ. ಹಾಡುವ ತಾಯಿ 'ಕಾಳಿ ಒಂದು' ಅನ್ನುವ ಶ್ರುತಿಯ ಆಸುಪಾಸು ಶುರು ಮಾಡಿ ಮೂರನೇ ಸಾಲಿಗೆ ತಮಗೆ ಬೇಕಾದ ಕಡೆ ಹೋಗುತ್ತಾರೆ. ಪೆಟ್ಟಿಗೆಯವನು ಮನೆ ಹುಡುಕುತ್ತಾ ಅವರ ಹಿಂದೆ ಓಡುತ್ತಾನೆ. ನಗೆಪಾಟಲಾಗುವುದು ಹಾಡು. ಮೈಕ್ ಒಂದು ಸಾಕು. ಸ್ಟ್ಯಾಂಡ್ ಮೇಲಿಡಿ, ಕೈಗೆ ಕೊಡಬೇಡಿ.

ಶಾಸ್ತ್ರೀಯದ ಕಡೆ ಇನ್ನೊಂದು ಉದಾಹರಣೆ ಬೇಕಾದರೆ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್. ಘಟ ನುಡಿಸುವ ಹೆಂಗಸಿನ ಪಕ್ಕ ಕೂತು ನುಡಿಸಲ್ಲ ಅಂದ ಮೃದಂಗದವರಿದ್ದರು. ಅವರು 1995ರಲ್ಲಿ ಹೆಂಗಸರದೇ ತಾಳವಾದ್ಯದ ತಂಡ ಕಟ್ಟಿದರು. ನಾಗರತ್ನಮ್ಮನ ಕಥೆಯೇ ಮತ್ತೆ, ಎಪ್ಪತ್ತು ವರ್ಷ ಆದಮೇಲೆ.

ಸೀಮೆಸುಣ್ಣ
ಫೆಬ್ರವರಿ 21, ರಾತ್ರಿ 8:50

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಏನೇನಾಯಿತು ಹೇಳುತ್ತೇನೆ.

ಕುರ್ಚಿ ಮೂರಕ್ಕೆ ಇಳಿಸಲು ಆಗಲಿಲ್ಲ, ಐದಕ್ಕೆ ನಿಂತಿತು. ಫ್ಲೆಕ್ಸ್ ಒಂದೇ. ಗುಲಾಬಿ ಇಲ್ಲ. ಪೂರ್ಣಕುಂಭ ತೆಗೆಸಲು ಮೂರು ಸಭೆ ಬೇಕಾಯಿತು ಅಂದರೆ ನಂಬುತ್ತೀರಾ?

ಮೆಸ್ಸಿಗೆ ಹೋಗಿ ಕೇಳಿದೆ. ಐದು ಜನ ಒಬ್ಬರ ಕಡೆಗೇ ಕೈ ತೋರಿಸಿದರು. ಹುಟ್ಟಿದ ಹಬ್ಬಾನಾ ಅಂತ ಕೇಳಿದ್ದರಲ್ಲ, ಅವರೇ. ಮಂಡ್ಯದ ಕಡೆಯವರು, ಐವತ್ತೈದು ಇರಬಹುದು. ಇಷ್ಟ ಇದೆಯಾ ಅಂತ ಕೇಳಿದ್ದಕ್ಕೆ ನಕ್ಕರು. ಆಮೇಲೆ ಅಂದರು, "ಹಾಡು ಬತ್ತದೆ ಮೇಡಂ. ಆದ್ರೆ ಕಲ್ಲಿಲ್ದೆ ಹೆಂಗ್ ಹಾಡೋದು? ಕೈ ಸುಮ್ನಿದ್ರೆ ಪದ ಬರಕ್ಕಿಲ್ಲ."

ಈಗ ಬೀಸೋಕಲ್ಲು ಎಲ್ಲಿಂದ ತರಲಿ? ನಮ್ಮ ಜಾನಪದ ವಸ್ತುಸಂಗ್ರಹದಲ್ಲಿ ಒಂದಿದೆ. ಕೆಂಪು ಹಗ್ಗ ಕಟ್ಟಿ, 'ಮುಟ್ಟಬೇಡಿ' ಬೋರ್ಡು ಹಾಕಿ ಇಟ್ಟಿದ್ದಾರೆ. ಅರ್ಜಿ ಕೊಟ್ಟಿದ್ದೇನೆ. 'ಬಳಕೆಯ ಉದ್ದೇಶ' ಅನ್ನುವ ಕಡೆ 'ರಾಗಿ ಬೀಸಲು' ಅಂತ ಬರೆದೆ.

ಲೆಕ್ಕ_ಪಕ್ಕಾ
ಫೆಬ್ರವರಿ 21, ರಾತ್ರಿ 9:15

ಇಂಥ ಅರ್ಜಿ ನನ್ನ ಮೇಜಿಗೆ ಒಂದು ದಿನವಾದರೂ ಬರಬಾರದಾ! ಸಂಭಾವನೆಯ ಮಂಜೂರಾತಿಯಲ್ಲಿ ಅವರ ಹೆಸರು ಸೇರಿಸಿದಿರಾ? ಮರೆಯಬೇಡಿ.

ಹಾಸ್ಟೆಲ್_ಕಿಟಕಿ
ಫೆಬ್ರವರಿ 21, ರಾತ್ರಿ 11:40

ಅವತ್ತು ಅಡುಗೆ ಯಾರು ಮಾಡುತ್ತಾರೆ ಅಂತ ಯಾರೂ ಕೇಳಲೇ ಇಲ್ಲವಲ್ಲ?

ಸೀಮೆಸುಣ್ಣ
ಫೆಬ್ರವರಿ 22, ಬೆಳಿಗ್ಗೆ 7:10

@ಹಾಸ್ಟೆಲ್_ಕಿಟಕಿ, ನನ್ನ ಎರಡನೇ ವರ್ಷದ ಎಂಎ ಹುಡುಗರು ಒಂಬತ್ತು ಜನ ಒಪ್ಪಿಕೊಂಡಿದ್ದಾರೆ. ಚಿತ್ರಾನ್ನ, ಮಜ್ಜಿಗೆ. ಅದಕ್ಕಿಂತ ಜಾಸ್ತಿ ನನಗೂ ಧೈರ್ಯ ಇಲ್ಲ. ಗುತ್ತಿಗೆದಾರರು ಮೊದಲು ಆಗಲ್ಲ ಅಂದರು, ಕೂಲಿ ಕಡಿತ ಮಾಡುವುದಿಲ್ಲ ಅಂತ ಬರೆದುಕೊಡಲು ಇನ್ನೂ ಎರಡು ದಿನ ತೆಗೆದುಕೊಂಡರು.

ಸೀಮೆಸುಣ್ಣ
ಮಾರ್ಚ್ 10, ರಾತ್ರಿ 10:05

ನಿನ್ನೆ ಮುಗಿಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

10 ಗಂಟೆಗೆ ಅಂದಿದ್ದೆವು, 10:10ಕ್ಕೆ ಶುರು ಮಾಡಿಬಿಟ್ಟೆವು. ಅತಿಥಿಗಳಲ್ಲಿ ಇಬ್ಬರು ಇನ್ನೂ ದಾರಿಯಲ್ಲಿದ್ದರು. ಅವರು ಬಂದಾಗ ಸಂಕವ್ವೆಯ ವಚನ ಓದುತ್ತಿದ್ದ ಹುಡುಗಿ ನಿಲ್ಲಿಸಲಿಲ್ಲ. ಮುಂದಿನ ಸಾಲಿನ ಕೆಲವರು ಎದ್ದು ನಿಂತು ಕೂತರು, ಅಷ್ಟೇ. ಸಂಕವ್ವೆಯ ಹೆಸರನ್ನು ಪೂರ್ತಿ ಹೇಳಿದಾಗ ಹಿಂದೆ ಯಾರೋ ಕಿಸಕ್ಕೆಂದರು. ವಚನ ಮುಗಿಯುವಷ್ಟರಲ್ಲಿ ನಗು ನಿಂತಿತ್ತು.

ಪೋಡಿಯಂ ಒಂದು ಅವಾಂತರ. ಆರಡಿ ಗಂಡಸಿಗೆ ಮಾಡಿಸಿದ್ದು ಅನ್ನಿಸುತ್ತದೆ. ಆಂತರಿಕ ಸಮಿತಿ ಬಗ್ಗೆ ಮಾತಾಡಿದ ವಕೀಲೆ ಅದರ ಹಿಂದೆ ನಿಂತಾಗ ಹಣೆ ಮಾತ್ರ ಕಾಣಿಸುತ್ತಿತ್ತು. ಅವರು ನಕ್ಕು ಪಕ್ಕಕ್ಕೆ ಬಂದು ನಿಂತೇ ಮಾತಾಡಿದರು. ಹತ್ತು ನಿಮಿಷ ಅಂದಿದ್ದು ಮೂವತ್ತೈದು ಆಯಿತು, ಯಾಕೆಂದರೆ ಪ್ರಶ್ನೆ ನಿಲ್ಲಲಿಲ್ಲ. ಅದಕ್ಕಾಗಿ ನಂಜನಗೂಡಿನ ಭಾಗ ಕತ್ತರಿಸಬೇಕಾಯಿತು. @ರಸಬಾಳೆ, ಕ್ಷಮಿಸಿ. ತಿರುಮಲಾಂಬ ಎರಡೇ ವಾಕ್ಯದಲ್ಲಿ ಮುಗಿದುಹೋದರು. ನಾಗರತ್ನಮ್ಮನ ಕಥೆ ಹೇಳಿ ಒಂದು ಕೀರ್ತನೆ ಹಾಡಿಸಿದೆವು. ಗಂಗೂಬಾಯಿ ದನಿ ಕೇಳಿಸಿದೆವು, ಹುಡುಗಿಯರು ಬೆಚ್ಚಿದರು.

ಬಾನು ಮುಷ್ತಾಕ್ ಅವರ ಒಂದು ಕಥೆಯನ್ನು ಮೂವರು ಸೇರಿ ಓದಿದರು. ಹೋದ ವರ್ಷ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದ್ದರು. ಕಥೆ ಓದಿದವರು ಕೈ ಎತ್ತಿ ಅಂದರೆ ಇಡೀ ಸಭೆಯಲ್ಲಿ ಹನ್ನೆರಡು ಕೈ. ಆಮೇಲೆ ಒಬ್ಬ ಹುಡುಗ ಎದ್ದು, "ಕನ್ನಡಕ್ಕೆ ಎಂಟು ಜ್ಞಾನಪೀಠ, ಅದರಲ್ಲಿ ಹೆಂಗಸರು ಎಷ್ಟು ಮೇಡಂ?" ಅಂತ ಕೇಳಿದ. ಒಬ್ಬರೂ ಇಲ್ಲ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ವೇದಿಕೆ ಮೇಲಿದ್ದ ಒಬ್ಬರು ಗಡಿಯಾರ ನೋಡಿಕೊಂಡರು.

ಇನ್ನು ಮೆಸ್ಸಿನ ಅಕ್ಕನ ವಿಷಯ.

ಕಲ್ಲು ಸಿಕ್ಕಿತು. ಇಬ್ಬರು ಅಟೆಂಡರುಗಳು ಕೂಸನ್ನು ಎತ್ತಿಕೊಂಡ ಹಾಗೆ ತಂದರು. ಕೆಳಗೆ ಗೋಣಿ ಹಾಸಿದೆವು. ಅವರು ಸೆರಗು ಸಿಕ್ಕಿಸಿಕೊಂಡು, ಒಂದು ಕಾಲು ಚಾಚಿ ಕೂತರು. ಗೂಟವನ್ನು ಅಂಗೈಯಲ್ಲಿ ಎರಡು ಸಲ ಬಡಿದು ಗಟ್ಟಿ ಮಾಡಿಕೊಂಡರು. ಒಂದು ಹಿಡಿ ರಾಗಿ ಹಾಕಿದರು. ಮೊದಲ ಸುತ್ತು ಹಾಡಿಲ್ಲದೆ. ಎರಡನೆಯದೂ ಹಾಡಿಲ್ಲದೆ. ಸಭೆಯಲ್ಲಿ ಗುಸುಗುಸು ಶುರುವಾಯಿತು. ನನಗೆ ಕೈ ತಣ್ಣಗಾಯಿತು. ಮೂರನೇ ಸುತ್ತಿಗೆ 'ಕಲ್ಲವ್ವ ಮಾತಾಯಿ' ಅಂತ ಎತ್ತಿಕೊಂಡರು ನೋಡಿ.

ಮೈಕ್ ಸ್ಟ್ಯಾಂಡ್ ತಗ್ಗಿಸಿ ಇಟ್ಟಿದ್ದರಿಂದ ಕಲ್ಲಿನ ಗುರುಗುರು ಸದ್ದೂ ಬರುತ್ತಿತ್ತು. ಶ್ರುತಿ, ತಾಳ ಎರಡೂ ಅದೇ. ರಾಗಿ ಹಾಕಲು ಕೈ ಹೋದಾಗ ಸಾಲು ಅರ್ಧಕ್ಕೆ ನಿಲ್ಲುತ್ತಿತ್ತು, ಕೈ ವಾಪಸ್ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತಿತ್ತು. ತ್ರಿಪದಿಯ ಯತಿ, ಅಂದರೆ ಸಾಲಿನ ನಡುವಿನ ನಿಲುಗಡೆ, ಅಂತ ಬೋರ್ಡಿನ ಮೇಲೆ ಎಷ್ಟೋ ವರ್ಷದಿಂದ ಗೆರೆ ಎಳೆದು ತೋರಿಸುತ್ತಿದ್ದೇನೆ. ಅದಕ್ಕೂ ಹಿಡಿ ರಾಗಿಗೂ ಇರುವ ಸಂಬಂಧ ನಿನ್ನೆ ಹೊಳೆಯಿತು.

ನಾಲ್ಕು ಪದ ಆದಮೇಲೆ ಅವರು ಹಾಡು ನಿಲ್ಲಿಸಿ, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಮೈಕಿನಲ್ಲೇ ಅಂದರು. "ನುಣ್ಣಗೆ ಬತ್ತಿಲ್ಲ. ಈ ಕಲ್ಲು ಸವೆದೋಗದೆ, ಉಳಿ ಏಟು ಹಾಕಿಸ್ಬೇಕು ಇದಕ್ಕೆ." ಸಭೆ ಎಲ್ಲ ನಕ್ಕಿತು. ಅವರು ನಗಲಿಲ್ಲ. ಅವರಿಗೆ ನಿಜವಾಗಲೂ ಹಿಟ್ಟಿನ ಚಿಂತೆ.

ಚಿತ್ರಾನ್ನಕ್ಕೆ ಉಪ್ಪು ಜಾಸ್ತಿಯಾಗಿತ್ತು. ಕಡಲೆಬೀಜ ಕರಕಲು. ಮೆಸ್ಸಿನ ಆರು ಜನ ಬೆಂಚಿನ ಮೇಲೆ ಕೂತು ತಿಂದರು, ಹುಡುಗರು ಬಡಿಸಿದರು. ಒಬ್ಬರು ಎದ್ದು ಅಡುಗೆಮನೆ ಕಡೆ ಹೊರಟರು, ಉಳಿದವರು ಸೆರಗು ಹಿಡಿದು ಎಳೆದು ಕೂರಿಸಿದರು.

ಹಿಂದಿನ_ಬೆಂಚು
ಮಾರ್ಚ್ 10, ರಾತ್ರಿ 10:40

ಓದಿ ಅಮ್ಮನಿಗೆ ಫೋನ್ ಮಾಡಿ ಬೀಸೋ ಪದ ಬರುತ್ತಾ ಅಂತ ಕೇಳಿದೆ. "ಯಾಕೆ, ಮಿಕ್ಸಿ ಕೆಟ್ಟಿದೆಯಾ?" ಅಂದರು. ಆಮೇಲೆ ಎರಡು ಪದ ಹಾಡಿದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ ನಾನು.

ಅಜ್ಜನ_ಕನ್ನಡಕ
ಮಾರ್ಚ್ 11, ಬೆಳಿಗ್ಗೆ 7:30

ಕಲ್ಲಿಗೆ ಉಳಿ ಏಟು ಹಾಕಿಸಲು ವಸ್ತುಸಂಗ್ರಹದವರು ಒಪ್ಪುವುದಿಲ್ಲ ಬಿಡಿ. ನನ್ನ ತಕರಾರು ಅರ್ಧ ವಾಪಸ್. ಇನ್ನರ್ಧ ಅವರಿಗೆ ದುಡ್ಡು ಕೈಗೆ ಬಂದಮೇಲೆ.

ಸೀಮೆಸುಣ್ಣ
ಮಾರ್ಚ್ 19, ಸಂಜೆ 6:30

ಸರ್, ನೀವು ಹೇಳಿದ್ದು ಸರಿಹೋಯಿತು. ದುಡ್ಡು ಬಂದಿಲ್ಲ. ಕೀರ್ತನೆ ಹಾಡಿದವರಿಗೆ, ವಕೀಲೆಗೆ 3,000 ಪಾಸಾಗಿದೆ. ಅಕ್ಕನ ಬಿಲ್ಲು ವಾಪಸ್ ಬಂದಿದೆ. 'ಸದರಿಯವರು ಹೊರಗುತ್ತಿಗೆ ಅಡುಗೆ ಸಿಬ್ಬಂದಿಯಾಗಿದ್ದು, ಅದೇ ದಿನದ ವೇತನ ಪಡೆದಿರುತ್ತಾರೆ' ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ನನ್ನ ಕೈಯಿಂದ ಕೊಡಲು ಹೋದೆ, ಅಕ್ಕ ತೆಗೆದುಕೊಳ್ಳಲಿಲ್ಲ. "ಆಫೀಸಿಂದ ಬಂದ್ರೆ ತಗೋತೀನಿ" ಅಂದರು.

ಲೆಕ್ಕ_ಪಕ್ಕಾ
ಮಾರ್ಚ್ 19, ಸಂಜೆ 7:05

ಆ ಕೆಂಪು ಶಾಯಿ ನನಗೆ ಗೊತ್ತು, ನಾನೂ ಬರೆದಿದ್ದೇನೆ. ಉಪಾಯ ಇದೆ. ಅವರ ವೇತನ ಕೊಡುವುದು ಗುತ್ತಿಗೆದಾರ, ವಿವಿ ಅಲ್ಲ. ಹಾಗಾಗಿ ನಿಮ್ಮ ಲೆಕ್ಕಕ್ಕೆ ಅವರು ಹೊರಗಿನವರು. ಮೊದಲಿನ ಮಂಜೂರಾತಿಯಲ್ಲಿ ಹೆಸರಿದ್ದರೆ ಅದರ ಪ್ರತಿ ಲಗತ್ತಿಸಿ, ಈ ಎರಡು ಸಾಲು ಬರೆದು ಮತ್ತೆ ಮಂಡಿಸಿ. ಮಾರ್ಚ್ 31ರ ಒಳಗೆ ಆಗಬೇಕು, ಆಮೇಲೆ ಅನುದಾನ ಲ್ಯಾಪ್ಸ್. ಅವರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಇದೆಯಾ?

ಸೀಮೆಸುಣ್ಣ
ಮಾರ್ಚ್ 19, ಸಂಜೆ 7:20

ಹೆಸರಿದೆ, ಜೆರಾಕ್ಸೂ ಇದೆ. ನಾಳೆ ಬೆಳಿಗ್ಗೆ ನಾನೇ ಕೊಂಡುಹೋಗುತ್ತೇನೆ. ನಮೂನೆಯಲ್ಲಿ 'ಹುದ್ದೆ' ಅಂತ ಒಂದು ಕಾಲಂ ಇದೆಯಲ್ಲ, ಹೋದ ಸಲ ಅದನ್ನು ಖಾಲಿ ಬಿಟ್ಟಿದ್ದೆ. ಗಾಯಕಿ ಅಂತ ಬರೆಯಲಾ?

ಲೆಕ್ಕ_ಪಕ್ಕಾ
ಮಾರ್ಚ್ 19, ಸಂಜೆ 7:22

ಬರೆಯಿರಿ. ನೀಲಿ ಶಾಯಿಯಲ್ಲಿ.